ರಾತ್ರಿಪಾಳಿಯಲ್ಲಿ ಯಾರಿದ್ದಾರೆ?

2021ರ ಏಪ್ರಿಲ್ 28ರ ನಸುಕು. ಗಂಟೆ ಮೂರೂವರೆ ದಾಟಿತ್ತು. ಥಾಣೆ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಮುಂಬ್ರಾದಲ್ಲಿ ಪ್ರೈಮ್ ಕ್ರಿಟಿಕೇರ್ ಎಂಬ ಖಾಸಗಿ ಆಸ್ಪತ್ರೆಗೆ ಬೆಂಕಿ ಬಿತ್ತು. ರೋಗಿಗಳನ್ನು ಹೊರಗೆ ತಂದು ಬೇರೆ ಆಸ್ಪತ್ರೆಗಳಿಗೆ ಸಾಗಿಸುವ ಗಡಿಬಿಡಿಯಲ್ಲಿ ನಾಲ್ವರು ತೀರಿಕೊಂಡರು. ಅದಕ್ಕೆ ಐದು ದಿನ ಮೊದಲು, ಏಪ್ರಿಲ್ 23ರಂದು, ವಿರಾರದ ವಿಜಯ್ ವಲ್ಲಭ್ ಆಸ್ಪತ್ರೆಯ ಐಸಿಯುವಿನಲ್ಲಿ ಬೆಂಕಿ ಹತ್ತಿ ಅಂದೇ 13 ಮಂದಿ ಸತ್ತಿದ್ದರು. ಆಗಲೂ ಗಂಟೆ ಮೂರರ ಆಸುಪಾಸು. ಮಾರ್ಚ್ 25ರಂದು ಭಾಂಡುಪಿನ ಡ್ರೀಮ್ಸ್ ಮಾಲ್‌ನೊಳಗಿದ್ದ ಸನ್‌ರೈಸ್ ಆಸ್ಪತ್ರೆಗೆ ಹೊಗೆ ನುಗ್ಗಿದ್ದು ನಡುರಾತ್ರಿಯ ಹೊತ್ತಿಗೆ. ಅದೇ ವರ್ಷದ ಜನವರಿ 9ರಂದು ಭಂಡಾರಾ ಜಿಲ್ಲಾ ಆಸ್ಪತ್ರೆಯಲ್ಲಿ 10 ಹಸುಗೂಸುಗಳು ಸತ್ತದ್ದು ಬೆಳಗಾಗುವುದಕ್ಕೆ ಎಷ್ಟೋ ಮುಂಚೆ. ಅದಕ್ಕೂ ಸುಮಾರು ಹತ್ತು ವರ್ಷ ಹಿಂದೆ, 2011ರ ಡಿಸೆಂಬರ್ 9ರಂದು, ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ತೊಂಬತ್ತರಷ್ಟು ಜನರನ್ನು ನುಂಗಿದ ಹೊಗೆಯೂ ನಸುಕಿನದ್ದೇ.

ಎಲ್ಲ ದುರಂತವೂ ರಾತ್ರಿಯೇ ನಡೆಯುತ್ತದೆ ಎಂದೇನಿಲ್ಲ. ಅದೇ 2021ರ ನವೆಂಬರ್ 6ರಂದು ಅಹ್ಮದ್‌ನಗರದ ಸರಕಾರಿ ಆಸ್ಪತ್ರೆಯ ಐಸಿಯು ಉರಿದದ್ದು ಹಾಡಹಗಲು. ಆದರೂ ಈ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಯಂತ್ರ ಹಗಲೂ ಓಡುತ್ತದೆ, ತಂತಿ ಹಗಲೂ ಕಾಯುತ್ತದೆ. ರಾತ್ರಿ ಕಡಿಮೆಯಾಗುವುದು ಮನುಷ್ಯರು. ಕಿಡಿಯನ್ನು ಕಾಣುವ ಕಣ್ಣು, ಮಂಚ ತಳ್ಳುವ ಕೈ, ಬೀಗದ ಕೈ ಎಲ್ಲಿದೆಯೆಂದು ಬಲ್ಲವರು ಆ ಹೊತ್ತಿನಲ್ಲಿ ಬೆರಳೆಣಿಕೆಯಷ್ಟು. ನರ್ಸಿಂಗ್ ಹೋಮ್ ಎಷ್ಟು ಸುರಕ್ಷಿತ ಎಂದು ಅಳೆಯುವುದಾದರೆ ಅದರ ರಾತ್ರಿಪಾಳಿಯಿಂದ ಅಳೆಯಬೇಕು. ಆದರೆ ನಮ್ಮ ಕಾನೂನು, ನಮ್ಮ ತಪಾಸಣೆ, ಮನೆಯವರಾದ ನಮ್ಮ ವಿಚಾರಣೆ, ಮೂರೂ ನಡೆಯುವುದು ಹಗಲಿನಲ್ಲಿ.

ಅಂಗಡಿಯ ಮೇಲೊಂದು ಆಸ್ಪತ್ರೆ

ಥಾಣೆಯಿಂದ ಕಲ್ಯಾಣದವರೆಗೆ ರೈಲುಹಳಿಯ ಎರಡೂ ಬದಿ ನಡೆದವರಿಗೆ ಈ ದೃಶ್ಯ ಹೊಸತಲ್ಲ. ನೆಲಮಹಡಿಯಲ್ಲಿ ಔಷಧದಂಗಡಿ, ಮೊಬೈಲ್ ಅಂಗಡಿ, ಮಿಠಾಯಿ ಅಂಗಡಿ. ಮೇಲಿನ ಮಹಡಿಯಲ್ಲಿ ಹತ್ತು ಹದಿನೈದು ಹಾಸಿಗೆಗಳ ಹೆರಿಗೆಮನೆಯೋ ಮೂಳೆ ಆಸ್ಪತ್ರೆಯೋ. ಅದರ ಮೇಲೆ ಸಂಸಾರಗಳು. ಡೊಂಬಿವಲಿ ಪೂರ್ವದ ಇಕ್ಕಟ್ಟಿನ ಗಲ್ಲಿಗಳಲ್ಲಿ ಇಂಥವು ಒಂದರ ಪಕ್ಕ ಒಂದಿವೆ. ದೊಡ್ಡ ಆಸ್ಪತ್ರೆಯ ಬಿಲ್ಲು ಹೊರಲಾಗದ, ಪಾಲಿಕೆಯ ಆಸ್ಪತ್ರೆಯ ಸಾಲಿನಲ್ಲಿ ಕಾಯಲಾಗದ ಮಧ್ಯಮವರ್ಗದ ಪಾಲಿಗೆ ಇವೇ ಆಸರೆ. ನಡುರಾತ್ರಿ ಎದೆನೋವು ಬಂದರೆ ರಿಕ್ಷಾದಲ್ಲಿ ಐದು ನಿಮಿಷದಲ್ಲಿ ತಲುಪಬಹುದಾದ ಜಾಗ. ಡಾಕ್ಟರು ಪರಿಚಯದವರು, ಅವರ ಹೆಂಡತಿಯೂ ಡಾಕ್ಟರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಊರು ಬಿಟ್ಟು ಬಂದು, ಮುಂಬಯಿಯೊಳಗೆ ಬಾಡಿಗೆ ಕಟ್ಟಲಾಗದೆ ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಖೋಲಿ ಹಿಡಿದ ಹೋಟೆಲು ಕಾರ್ಮಿಕರ, ಬ್ಯಾಂಕ್ ಗುಮಾಸ್ತರ ಕನ್ನಡ ಕುಟುಂಬಗಳು ಹೆತ್ತದ್ದೂ ಸತ್ತದ್ದೂ ಬಹುತೇಕ ಇಂಥ ಕಡೆಯೇ. ಇವನ್ನು ಬರಿಯ ವ್ಯಾಪಾರವೆಂದು ತಳ್ಳಿಹಾಕುವುದು ಕೃತಘ್ನತೆಯಾದೀತು.

ಆದರೆ ವಾಸಕ್ಕೆಂದು ಕಟ್ಟಿದ ಮನೆ ಆಸ್ಪತ್ರೆಯಾದಾಗ ಮೆಟ್ಟಿಲು ಅಗಲವಾಗುವುದಿಲ್ಲ. ನಡೆದಾಡಬಲ್ಲವರಿಗೆ ಸಾಕಾಗುವ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರು ತಿರುಗುವುದಿಲ್ಲ. ಎರಡನೆಯ ಮೆಟ್ಟಿಲೇ ಇರುವುದಿಲ್ಲ, ಇದ್ದರೂ ಅಲ್ಲಿ ಆಮ್ಲಜನಕದ ಖಾಲಿ ಸಿಲಿಂಡರು, ಮುರಿದ ಮಂಚ. ಕಿಟಕಿಗೆ ಕಳ್ಳರ ಭಯಕ್ಕೆ ಹಾಕಿದ ಗ್ರಿಲ್. ಇನ್ನು ಕಟ್ಟಡದ ಕಾಗದಪತ್ರಗಳ ಗೋಜಲೇ ಬೇರೆ. ಖೋಟಾ ದಾಖಲೆಗಳಿಂದ ರೇರಾ ನೋಂದಣಿ ಪಡೆದ ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟು 2024ರ ನವೆಂಬರಿನಲ್ಲಿ ಆದೇಶಿಸಿದಾಗ ಇಡೀ ದೇಶ ಈ ಊರಿನತ್ತ ನೋಡಿತು. ಕಟ್ಟಡವೇ ಅನಧಿಕೃತವಾದರೆ ಅದರೊಳಗಿನ ಆಸ್ಪತ್ರೆಯ ಅಗ್ನಿ ಸುರಕ್ಷೆಗೆ ಖಾತರಿ ಕೊಡುವವರು ಯಾರು?

ಅಪಾಯ ಹೊರಗಿನಿಂದಲೂ ಬರುತ್ತದೆ. 2016ರ ಮೇ 26ರಂದು ಪ್ರೊಬೇಸ್, 2024ರ ಮೇ 23ರಂದು ಅಮುದಾನ್ ರಾಸಾಯನಿಕ ಕಾರ್ಖಾನೆ ಸಿಡಿದಾಗ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಸುತ್ತಲಿನ ಕಟ್ಟಡಗಳ ಗಾಜು ಪುಡಿಯಾಯಿತು. ಆ ಆಸುಪಾಸಿನ ಆಸ್ಪತ್ರೆಗಳಿಗೆ ಒಂದೇ ಗಂಟೆಯಲ್ಲಿ ಎರಡು ಕೆಲಸ: ಗಾಯಾಳುಗಳನ್ನು ಒಳಗೆ ಸೇರಿಸಬೇಕು, ಒಳಗಿದ್ದವರನ್ನು ಕಾಯಬೇಕು. 2005ರ ಜುಲೈ 26ರ ನೆರೆಯನ್ನು ಕಂಡವರಿಗೆ ನೆಲಮಹಡಿಯ ಜನರೇಟರು ಎಷ್ಟು ಹೊತ್ತು ಓಡೀತೆಂದು ಹೇಳಬೇಕಾಗಿಲ್ಲ.

ಕಾಯ್ದೆ ನೋಡುವುದೇನು?

ಮಹಾರಾಷ್ಟ್ರದಲ್ಲಿ ಖಾಸಗಿ ಆಸ್ಪತ್ರೆಗಳನ್ನು ಆಳುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. ಮುಂಬಯಿ ಪ್ರಾಂತ್ಯದ ಕಾಲದ್ದು. ಕೇಂದ್ರ ಸರಕಾರ 2010ರಲ್ಲಿ ತಂದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಈ ರಾಜ್ಯ ಒಪ್ಪಿಕೊಳ್ಳಲಿಲ್ಲ, ಹಳೆಯದನ್ನೇ ತಿದ್ದಿಕೊಂಡು ಬಂತು. ಕರ್ನಾಟಕವೂ ತನ್ನದೇ ದಾರಿ ಹಿಡಿಯಿತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ಖಾಸಗಿ ವೈದ್ಯರು ಬಾಗಿಲು ಹಾಕಿ ಬೀದಿಗಿಳಿದದ್ದು ಕನ್ನಡಿಗರಿಗೆ ನೆನಪಿರಬಹುದು. ಮಹಾರಾಷ್ಟ್ರದಲ್ಲಿ 2021ರ ಜನವರಿಯಲ್ಲಿ ಬಂದ ಹೊಸ ನಿಯಮಗಳು ರೋಗಿಗಳ ಹಕ್ಕುಪತ್ರ, ದರಪಟ್ಟಿಯ ಪ್ರದರ್ಶನ, ದೂರು ಪರಿಹಾರದ ವ್ಯವಸ್ಥೆಗಳನ್ನು ಸೇರಿಸಿದವು. ಕಾಗದದ ಮಟ್ಟಿಗೆ ಇದು ದೊಡ್ಡ ಹೆಜ್ಜೆ.

ನೋಂದಣಿ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಪಾಲಿಕೆಯ ವ್ಯಾಪ್ತಿಯಲ್ಲಿ ಅದನ್ನು ಕೊಡುವುದು ಆಯಾ ಮಹಾನಗರಪಾಲಿಕೆಯ ಆರೋಗ್ಯ ವಿಭಾಗ. ಅರ್ಜಿಯ ಜೊತೆ ವೈದ್ಯರ ಪದವಿಪತ್ರ, ನರ್ಸುಗಳ ನೋಂದಣಿ, ಅಗ್ನಿಶಾಮಕ ದಳದ ನಿರಾಕ್ಷೇಪಣಾ ಪತ್ರ, ಜೈವಿಕ ತ್ಯಾಜ್ಯ ವಿಲೇವಾರಿಯ ಒಪ್ಪಂದ. ಬಂದು ನೋಡುವ ಅಧಿಕಾರ ಕಾಯ್ದೆಯಲ್ಲೇ ಇದೆ. ಅಗ್ನಿ ಸುರಕ್ಷೆಗೆ ಬೇರೆಯೇ ಕಾನೂನಿದೆ: 2006ರ ಮಹಾರಾಷ್ಟ್ರ ಅಗ್ನಿ ಪ್ರತಿಬಂಧಕ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಸಂಸ್ಥೆಯೊಂದು ಉಪಕರಣಗಳನ್ನು ಪರೀಕ್ಷಿಸಿ ಪ್ರತಿ ಜನವರಿಯಲ್ಲೂ ಜುಲೈಯಲ್ಲೂ 'ಫಾರ್ಮ್ ಬಿ' ಪ್ರಮಾಣಪತ್ರ ಕೊಡಬೇಕು.

ಇವೆಲ್ಲ ಬೇಕಾದವೇ. ಕಾಗದವಿಲ್ಲದಿದ್ದರೆ ಏನಾಗುತ್ತದೆಂದು 2024ರ ಮೇ 25ರ ರಾತ್ರಿ ದಿಲ್ಲಿಯ ವಿವೇಕ್ ವಿಹಾರದಲ್ಲಿ ನರ್ಸಿಂಗ್ ಹೋಮೊಂದಕ್ಕೆ ಬೆಂಕಿ ಬಿದ್ದಾಗ ಕಂಡಿತು. ಶಿಶುಗಳ ಆ ನರ್ಸಿಂಗ್ ಹೋಮಿನ ಪರವಾನಗಿ ಮಾರ್ಚ್ 31ಕ್ಕೇ ಮುಗಿದಿತ್ತು. ಅನುಮತಿ ಇದ್ದದ್ದು ಐದು ಹಾಸಿಗೆಗೆ, ಒಳಗಿದ್ದದ್ದು 12 ಕೂಸುಗಳು. ಆದರೆ ಕಾಗದ ಹೇಳದ ಸಂಗತಿಗಳೂ ಇವೆ. ಅರ್ಜಿಯಲ್ಲಿ ಹೆಸರಿರುವ ನರ್ಸು ಇಂದು ರಾತ್ರಿ ಕೆಲಸದ ಮೇಲಿದ್ದಾರೆಯೇ? ಬೆಂಕಿ ನಂದಿಸುವ ಡಬ್ಬಿಯ ಪಿನ್ನು ಎಳೆಯುವುದು ಹೇಗೆಂದು ರಾತ್ರಿಯ ಮಾವಶಿಗೆ (ವಾರ್ಡಿನ ಆಯಾಗೆ) ಯಾರಾದರೂ ತೋರಿಸಿಕೊಟ್ಟಿದ್ದಾರೆಯೇ? ಅದನ್ನು ತಿಳಿಯಲು ರಾತ್ರಿಯೇ ಹೋಗಬೇಕು.

ಹೋದರೆ ಕಾಣುವುದೇನು? ಅನೇಕ ಸಣ್ಣ ಆಸ್ಪತ್ರೆಗಳಲ್ಲಿ ರಾತ್ರಿ ಆರ್‌ಎಂಒ (ನಿವಾಸಿ ವೈದ್ಯಾಧಿಕಾರಿ) ಎಂದು ಕೂರುವವರು ಆಯುರ್ವೇದ ಅಥವಾ ಹೋಮಿಯೋಪತಿ ಓದಿದ ಯುವ ವೈದ್ಯರು, ಹಗಲು ತಮ್ಮ ಸ್ವಂತ ದವಾಖಾನೆ ನಡೆಸಿ ಬಂದವರು. ಅವರ ಕೆಳಗೆ ಒಬ್ಬ ಸಿಸ್ಟರ್. ಅವರು ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಓದಿದವರಾಗಿರಬಹುದು, ಕೆಲಸ ನೋಡಿ ಕಲಿತವರೂ ಆಗಿರಬಹುದು. ಬಿಳಿ ಸಮವಸ್ತ್ರದಲ್ಲಿ ವ್ಯತ್ಯಾಸ ತಿಳಿಯದು. ಇವರ ಜೊತೆ ಒಬ್ಬ ಮಾವಶಿ, ಒಬ್ಬ ವಾರ್ಡ್‌ಬಾಯ್. ತಜ್ಞರು ಫೋನಿನಲ್ಲಿ. ಇವರಲ್ಲಿ ಯಾರನ್ನೂ ದೂರುವಂತಿಲ್ಲ. ಹನ್ನೆರಡು ಗಂಟೆಯ ಪಾಳಿ, ಕಡಿಮೆ ಸಂಬಳ, ಬೆಳಗ್ಗೆ ಮೊದಲ ಲೋಕಲಿಗೆ ಓಟ. ಸಂಖ್ಯೆಯೇ ಸಾಲದ ಕಡೆ ಒಳ್ಳೆಯ ಮನಸ್ಸಿನಿಂದ ಕೆಲಸ ಸಾಗುವುದಿಲ್ಲ.

ಪಾಲಿಕೆಯ ಆಸ್ಪತ್ರೆಯ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. 2023ರ ಆಗಸ್ಟ್ ಎರಡನೆಯ ವಾರಾಂತ್ಯ, ಥಾಣೆಯ ಕಳ್ವಾ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 24 ಗಂಟೆಯೊಳಗೆ 18 ರೋಗಿಗಳು ತೀರಿಕೊಂಡು ರಾಜ್ಯವೇ ಬೆಚ್ಚಿತು. ಸರಕಾರ ತನಿಖಾ ಸಮಿತಿ ನೇಮಿಸಿತು. ಖಾಸಗಿ ಆಸ್ಪತ್ರೆಗಳು ಕೈಚೆಲ್ಲಿ ಕೊನೆಗಳಿಗೆಯಲ್ಲಿ ಕಳಿಸಿದವರೂ ಅವರಲ್ಲಿದ್ದರೆಂದು ಆಡಳಿತ ಆಗ ಹೇಳಿತ್ತು. ಸಣ್ಣ ಆಸ್ಪತ್ರೆಯೊಂದು ತನ್ನಿಂದಾಗದು ಎಂದು ಯಾವಾಗ ಒಪ್ಪಿಕೊಳ್ಳುತ್ತದೆ ಎಂಬುದೂ ಶುಶ್ರೂಷೆಯ ಗುಣಮಟ್ಟವೇ. ರಾತ್ರಿ ಹನ್ನೊಂದಕ್ಕೆ ತೆಗೆದುಕೊಳ್ಳಬೇಕಾದ ಆ ನಿರ್ಧಾರವನ್ನು ಬೆಳಗ್ಗೆ ದೊಡ್ಡ ಡಾಕ್ಟರು ಬರುವವರೆಗೆ ತಡೆದಿಟ್ಟರೆ ರೋಗಿಗೆ ಉಳಿಯುವ ಹೊತ್ತು ಕಡಿಮೆ.

ಎರಡು ಗಂಟೆಗೊಮ್ಮೆ

ಬೆಂಕಿ ಸುದ್ದಿಯಾಗುತ್ತದೆ. ಬೆನ್ನಹುಣ್ಣು ಸುದ್ದಿಯಾಗುವುದಿಲ್ಲ.

ಮಗ್ಗುಲು ಬದಲಿಸಲಾಗದ ರೋಗಿಯ ದೇಹದ ಭಾರವೆಲ್ಲ ಬೆನ್ನಿನ ಕೆಳತುದಿ, ಸೊಂಟದ ಎಲುಬು, ಹಿಮ್ಮಡಿಗಳ ಮೇಲೆ ಬೀಳುತ್ತದೆ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಅಲ್ಲಿ ಕೆಂಪು ಕಲೆ ಮೂಡುತ್ತದೆ. ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚದಿದ್ದರೆ ಹುಣ್ಣು ಶುರುವಾಗಿದೆ ಎಂದು ಅರ್ಥ. ಆಗಲೇ ಗಮನಿಸಿದರೆ ವಾಸಿಯಾದೀತು, ಬಿಟ್ಟರೆ ಎಲುಬು ಕಾಣುವಷ್ಟು ಆಳಕ್ಕೆ ಇಳಿದು, ನಂಜೇರಿ, ಪ್ರಾಣಕ್ಕೇ ಬಂದೀತು. ಇದಕ್ಕೆ ಹಳೆಯದೂ ಅಗ್ಗದ್ದೂ ಆದ ಉಪಾಯವೊಂದಿದೆ: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆಯಾದದ್ದನ್ನು ಕೂಡಲೇ ತೆಗೆಯುವುದು. ಏರ್‌ಬೆಡ್ ನೆರವಾಗುತ್ತದೆ ನಿಜ, ಆದರೆ ಅದನ್ನು ಹಾಕಿಬಿಟ್ಟರೆ ಮಗ್ಗುಲು ಬದಲಿಸಬೇಕಿಲ್ಲ ಎಂಬುದು ತಪ್ಪು ತಿಳಿವಳಿಕೆ.

ಈಗ ಲೆಕ್ಕ ಹಾಕಿ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ ಒಬ್ಬರಿಗೆ ಆರು ಸಲ. ಹಾಸಿಗೆ ಹಿಡಿದವರು ಹತ್ತು ಮಂದಿಯಿದ್ದರೆ ಅರುವತ್ತು ಸಲ. ಭಾರವಾದ ದೇಹವನ್ನು ಚರ್ಮ ತರಚದಂತೆ ತಿರುಗಿಸಲು ಇಬ್ಬರು ಬೇಕು. ಒಬ್ಬಳೇ ಮಾವಶಿ ಇರುವಲ್ಲಿ ಈ ಕೆಲಸ ಆಗುವುದೇ ಇಲ್ಲ, ಅವಳು ಎಷ್ಟೇ ಕರುಣೆಯುಳ್ಳವಳಾಗಿರಲಿ. ಬೆಳಗ್ಗೆ ತುಂಬಿಸಿದ ಚಾರ್ಟಿನಲ್ಲಿ ಎರಡು ಗಂಟೆಗೊಂದು ಸಹಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಬಿದ್ದಿದ್ದರೆ ಏನು ನಡೆದಿದೆಯೆಂದು ಊಹಿಸುವುದು ಕಷ್ಟವಲ್ಲ.

ಮೂಗಿನ ನಳಿಗೆಯಿಂದ ಊಟ ಕೊಡುವುದೂ ಹಾಗೆಯೇ. ತಲೆದೆಸೆಯನ್ನು ಮೂವತ್ತರಿಂದ ನಲವತ್ತೈದು ಡಿಗ್ರಿ ಎತ್ತಿ, ನಿಧಾನವಾಗಿ ಇಳಿಸಿ, ಆಮೇಲೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾಗೆಯೇ ಇರಿಸಬೇಕು. ಅವಸರಕ್ಕೆ ಮಲಗಿಸಿಯೇ ಕೊಟ್ಟರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಬೀಳುವುದು ಇನ್ನೊಂದು ಅಪಾಯ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಹೆಚ್ಚಿನವರು ಮುದುಕರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರಾತ್ರಿ ಮೂತ್ರಕ್ಕೆಂದು ಎದ್ದವರು ಕರೆಗಂಟೆ ಒತ್ತುತ್ತಾರೆ, ಯಾರೂ ಬರುವುದಿಲ್ಲ, ತಾವೇ ಇಳಿಯುತ್ತಾರೆ. ಬೀಳದಿರಲೆಂದು ಕೈ ಕಟ್ಟುವುದು, ಏಳದಿರಲೆಂದು ನಿದ್ದೆಗುಳಿಗೆ ಕೊಡುವುದು, ಎರಡೂ ಆಳಿನ ಕೊರತೆಗೆ ಕಂಡುಕೊಂಡ ಅಡ್ಡದಾರಿಗಳು. ನಿದ್ದೆಗುಳಿಗೆಯ ಮಂಪರಿನಲ್ಲಿ ಮುದುಕರು ಬೀಳುವುದು ಇನ್ನಷ್ಟು ಹೆಚ್ಚು.

ಆಶ್ರಮ ಎಂಬ ಫಲಕದ ಹಿಂದೆ

ಇಷ್ಟು ಹೊತ್ತು ಹೇಳಿದ್ದು ನೋಂದಣಿಯಿರುವ ಆಸ್ಪತ್ರೆಗಳ ವಿಚಾರ. ಮುದುಕರನ್ನು ತಿಂಗಳ ಲೆಕ್ಕದಲ್ಲಿ ಇರಿಸಿಕೊಳ್ಳುವ ಮನೆಗಳ ವಿಚಾರ ಇನ್ನೂ ಮಸುಕು. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಪಾರ್ಶ್ವವಾಯು ಹೊಡೆದ ತಂದೆಯನ್ನು ನೋಡಿಕೊಳ್ಳಲು ಯಾರೂ ಇಲ್ಲದಾದಾಗ, ಮೊದಲು ಬ್ಯೂರೋದಿಂದ ಆಯಾ ಬರುತ್ತಾಳೆ. ಅದೂ ಸಾಗದಿದ್ದರೆ ಬದ್ಲಾಪುರದ ಕಡೆಯೋ, ಖಾರ್‌ಘರ್, ಪನ್ವೇಲಿನ ಕಡೆಯೋ ಬಂಗಲೆಯೊಂದರಲ್ಲಿ ನಡೆಯುವ ಆರೈಕೆ ಕೇಂದ್ರ. ಅಲ್ಲಿ ನಳಿಗೆಯ ಊಟ, ಕ್ಯಾಥೆಟರ್, ಇನ್ಸುಲಿನ್, ಕೆಲವೊಮ್ಮೆ ಆಮ್ಲಜನಕವೂ ಉಂಟು. ಆಸ್ಪತ್ರೆಯಲ್ಲಿ ನಡೆಯುವುದೆಲ್ಲ ನಡೆದರೂ ಫಲಕದಲ್ಲಿ ಇರುವುದು ಆಶ್ರಮ, ನಿವಾಸ, ಸೇವಾಸದನ.

1949ರ ಕಾಯ್ದೆಯ ಪ್ರಕಾರ ಕಾಯಿಲೆ, ಗಾಯ ಅಥವಾ ದೇಹದೌರ್ಬಲ್ಯದಿಂದ ನರಳುವವರನ್ನು ಇರಿಸಿಕೊಂಡು ಚಿಕಿತ್ಸೆ ಮತ್ತು ಶುಶ್ರೂಷೆ ಕೊಡುವ ಜಾಗವೇ ನರ್ಸಿಂಗ್ ಹೋಮ್. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರವೂ ಈ ಮಾತಿನೊಳಗೆ ಬರುವಂತಿದೆ. ಆದರೆ ನಡೆಯುತ್ತಿರುವುದು ಬೇರೆ. ಹಲವು ಕೇಂದ್ರಗಳಿಗೆ ಟ್ರಸ್ಟಿನ ನೋಂದಣಿಯಷ್ಟೇ ಇರುತ್ತದೆ. ಅದು ಹಣದ ಲೆಕ್ಕ ಕೇಳುತ್ತದೆಯೇ ಹೊರತು ಬೆನ್ನಹುಣ್ಣಿನ ಲೆಕ್ಕ ಕೇಳುವುದಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸರಕಾರಿ ವೃದ್ಧಾಶ್ರಮ ಇರಲೆಂದು ಹೇಳಿತು, ಹಣ ಕೊಟ್ಟು ಸೇರುವವರ ಖಾಸಗಿ ಕೇಂದ್ರಗಳ ಬಗ್ಗೆ ಹೆಚ್ಚು ಹೇಳಲಿಲ್ಲ. ಆ ಕೊರತೆ ತುಂಬಲು, ಆರೈಕೆ ಕೇಂದ್ರಗಳಿಗೆ ಕಡ್ಡಾಯ ನೋಂದಣಿ ಮತ್ತು ಕನಿಷ್ಠ ಮಾನದಂಡ ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು. ಆ ಲೋಕಸಭೆಯ ಅವಧಿಯೊಂದಿಗೇ ಸತ್ತಿತು.

ಇಂಥ ಮನೆಗಳಲ್ಲಿ ಸೋಂಕು ಹೇಗೆ ಹರಡುತ್ತದೆಂದು 2021ರ ನವೆಂಬರ್ ಕೊನೆಯಲ್ಲಿ ಥಾಣೆ ಜಿಲ್ಲೆ ಕಂಡಿದೆ. ಭಿವಂಡಿ ತಾಲ್ಲೂಕಿನ ಸೋರ್‌ಗಾಂವ್‌ನ ಮಾತೋಶ್ರೀ ವೃದ್ಧಾಶ್ರಮದಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿಗೆ ಒಟ್ಟಿಗೆ ಕೊರೊನಾ ತಗುಲಿದ್ದು ಪತ್ತೆಯಾಯಿತು. ಅವರಲ್ಲಿ ಹೆಚ್ಚಿನವರು ಎರಡೂ ಲಸಿಕೆ ಹಾಕಿಸಿಕೊಂಡವರು. ಒಂದೇ ಊಟದ ಮನೆ, ಒಂದೇ ಪಡಸಾಲೆ, ಸಾಲು ಮಂಚಗಳು, ಅವೇ ಕೈಗಳು. ಅಲ್ಲಿ ಒಬ್ಬರಿಗೆ ಬಂದದ್ದು ಎಲ್ಲರದ್ದೂ ಆಗುತ್ತದೆ.

ನೋವು ಹೇಳಲು ಬಾರದವರು

ನಮ್ಮವರ ಮಟ್ಟಿಗೆ ಇನ್ನೊಂದು ತೊಡಕಿದೆ. ನಲವತ್ತು ವರ್ಷ ಹೋಟೆಲಿನ ಗಲ್ಲೆಯಲ್ಲಿ ಕೂತು ಸರಾಗವಾಗಿ ಮರಾಠಿ, ಹಿಂದಿ ಆಡಿದವರು ಮರೆಗುಳಿತನ ಆವರಿಸಿದಂತೆ ಆ ಭಾಷೆಗಳನ್ನು ಕಳೆದುಕೊಂಡು ಮೊದಲು ಕಲಿತ ತುಳುವಿಗೋ ಕನ್ನಡಕ್ಕೋ ಮರಳುವುದುಂಟು. ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ರಾಷ್ಟ್ರಮಟ್ಟದ ಅಧ್ಯಯನದ ಅಂದಾಜು. ಹೊಟ್ಟೆ ಉರಿಯುತ್ತಿದೆ, ಉಸಿರು ಕಟ್ಟುತ್ತಿದೆ ಎಂದು ಕುಂದಗನ್ನಡದಲ್ಲಿ ಕೂಗುವ ಅಜ್ಜಿಯನ್ನು ಮರಾಠವಾಡದಿಂದ ಬಂದ ಆಯಾ ಹಟ ಮಾಡುವವಳೆಂದು ತಿಳಿದರೆ ಅದು ಅವಳ ತಪ್ಪಲ್ಲ. ಆದರೆ ಅಜ್ಜಿಯ ನೋವು ದಾಖಲಾಗುವುದಿಲ್ಲ, ಔಷಧ ಬರುವುದಿಲ್ಲ.

ಇಲ್ಲಿ ನಮ್ಮ ಸಂಘಟನೆಗಳು ಮಾಡಬಹುದಾದ ಕೆಲಸವಿದೆ. ಡೊಂಬಿವಲಿ ಕರ್ನಾಟಕ ಸಂಘ ಶಾಲೆ, ಕಾಲೇಜು ಕಟ್ಟಿ ನಡೆಸಿದೆ. ಥಾಣೆಯ ನವೋದಯ ಕನ್ನಡ ಸೇವಾ ಸಂಘ, ನವಿಮುಂಬಯಿ ಕನ್ನಡ ಸಂಘಗಳಿಗೆ ಕಾರ್ಯಕರ್ತರ ಬಲವಿದೆ. ನಾಟಕ, ಯಕ್ಷಗಾನ, ತಾಳಮದ್ದಳೆಗೆ ಜನ ಕೂಡಿಸುವ ಶಕ್ತಿ ಇರುವಲ್ಲಿ, ವಾರಕ್ಕೊಮ್ಮೆ ಇಬ್ಬರು ಕಾರ್ಯಕರ್ತರು ಆರೈಕೆ ಕೇಂದ್ರಗಳಿಗೆ ಹೋಗಿ ನಮ್ಮ ಮುದುಕರೊಡನೆ ಅವರ ಭಾಷೆಯಲ್ಲಿ ಮಾತಾಡಿ ಬರುವ ಪದ್ಧತಿ ಅಸಾಧ್ಯವಲ್ಲ. ಹೊರಗಿನವರು ಬಂದು ಹೋಗುವ ಮನೆಯಲ್ಲಿ ದೌರ್ಜನ್ಯ ಅಡಗಿರುವುದು ಕಷ್ಟ. ವೃದ್ಧರ ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರು ಒಂದು ವರ್ಷದೊಳಗೆ ಯಾವುದೋ ರೀತಿಯಲ್ಲಿ ಕೆಟ್ಟದಾಗಿ ನಡೆದುಕೊಂಡದ್ದನ್ನು ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಸೇರಿಸುವ ಮುನ್ನ

ಅಮೆರಿಕದಲ್ಲಿ ಮುದುಕರನ್ನು ಮಂಚಕ್ಕೆ ಕಟ್ಟುವುದಕ್ಕೆ ಕಡಿವಾಣ ಬಿದ್ದದ್ದು 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾನೂನಿನಿಂದ. ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್ ಕೊಟ್ಟ ಶ್ರೇಣಿಯನ್ನು ಪ್ರತಿ ಆರೈಕೆ ಮನೆಯೂ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಅಲ್ಲಿಯೂ ದೂರುಗಳಿವೆ, ಆದರೆ ಮನೆಯವರು ಕುರುಡಾಗಿ ಆರಿಸಬೇಕಿಲ್ಲ. ನಮ್ಮಲ್ಲಿ ಎನ್‌ಎಬಿಎಚ್ ಎಂಬ ರಾಷ್ಟ್ರೀಯ ಮಂಡಳಿ 50 ಹಾಸಿಗೆಯವರೆಗಿನ ಸಣ್ಣ ಆಸ್ಪತ್ರೆಗಳಿಗೆಂದೇ ಬೇರೆ ಮಾನದಂಡ ಮಾಡಿದೆ. ಪಡೆಯುವುದು ಆಸ್ಪತ್ರೆಯ ಇಚ್ಛೆ. ಹಾಗಾಗಿ ಸದ್ಯಕ್ಕೆ ತಪಾಸಣೆಯ ಒಂದು ಪಾಲು ಮನೆಯವರ ಮೇಲೆಯೇ ಬಿದ್ದಿದೆ.

ನೋಂದಣಿ ಪತ್ರದಲ್ಲಿ ಎಷ್ಟು ಹಾಸಿಗೆಗೆ ಅನುಮತಿ, ಯಾವ ದಿನದವರೆಗೆ ಎಂದು ನೋಡಿ, ಹಾಸಿಗೆಗಳನ್ನು ಎಣಿಸಿ. ಕಳೆದ ಜನವರಿ ಅಥವಾ ಜುಲೈಯ ಫಾರ್ಮ್ ಬಿ ಕೇಳಿ. ಎರಡನೆಯ ಮೆಟ್ಟಿಲಿದ್ದರೆ ಅದರಲ್ಲಿ ಇಳಿದು ನೋಡಿ. ಈ ವಾರದ ರಾತ್ರಿಪಾಳಿಯ ಪಟ್ಟಿ ತೋರಿಸಲು ಹೇಳಿ. ರಾತ್ರಿ ಒಬ್ಬರ ಸ್ಥಿತಿ ಬಿಗಡಾಯಿಸಿದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಹೇಳದೆ ಕೇಳದೆ ರಾತ್ರಿ ಹತ್ತಕ್ಕೊಮ್ಮೆ ಹೋಗಿ. ಬಾಗಿಲು ತೆರೆಯಲು ಎಷ್ಟು ಹೊತ್ತಾಯಿತು ಎಂಬುದೇ ಅರ್ಧ ಉತ್ತರ. ಸೇರಿಸಿದ ಮೇಲೆ ನಿಮ್ಮ ತಾಯಿಯ ಬೆನ್ನು, ಹಿಮ್ಮಡಿಗಳನ್ನು ನೀವೇ ನೋಡಿ. ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಬಿಲ್ಲಿನ ತಕರಾರಿಗೆ ರೋಗಿಯನ್ನಾಗಲಿ ಶವವನ್ನಾಗಲಿ ತಡೆದಿಡುವಂತಿಲ್ಲವೆಂದು ಮಾನವ ಹಕ್ಕುಗಳ ಆಯೋಗದ ಹಕ್ಕುಪತ್ರ ಹೇಳುತ್ತದೆ.

ದೂರು ಕೊಡುವಾಗ ಗಡಿ ತಿಳಿದಿರಲಿ. ವಾಶಿ, ನೆರೂಲ್, ಐರೋಳಿ ನವಿಮುಂಬಯಿ ಪಾಲಿಕೆಗೆ ಸೇರಿವೆ. ಖಾರ್‌ಘರ್, ಕಾಮೋಠೆ, ಕಳಂಬೋಲಿಗಳನ್ನು ಎಲ್ಲರೂ ನವಿಮುಂಬಯಿ ಎಂದೇ ಕರೆದರೂ ಅವು 2016ರಲ್ಲಿ ಹುಟ್ಟಿದ ಪನ್ವೇಲ್ ಪಾಲಿಕೆಯವು, ಜಿಲ್ಲೆಯೂ ರಾಯಗಡ. ವೃದ್ಧರ ಮೇಲಿನ ದೌರ್ಜನ್ಯಕ್ಕೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಪಾಲಿಕೆಗಳಿಂದ ಕೇಳಬೇಕಾದದ್ದು ಹೆಚ್ಚೇನಲ್ಲ: ಈ ಪಾಳಿಯಲ್ಲಿ ಎಷ್ಟು ರೋಗಿಗಳು, ಎಷ್ಟು ಅರ್ಹ ನರ್ಸುಗಳು, ವೈದ್ಯರು ಯಾರು ಎಂದು ಪ್ರತಿ ಬಾಗಿಲಲ್ಲಿ ಬರೆದಿಡಿಸಿ, ರಾತ್ರಿ ಹೋಗಿ ತಾಳೆ ನೋಡಿ. ಮುದುಕರ ಆರೈಕೆ ಕೇಂದ್ರಗಳನ್ನೂ ಇದೇ ಲೆಕ್ಕಕ್ಕೆ ತನ್ನಿ. ಆದರೆ ಇನ್ನೊಬ್ಬ ನರ್ಸು ಬಂದರೆ ತಿಂಗಳ ಬಿಲ್ಲು ಏರುತ್ತದೆ, ಆ ಹಣ ಕೊಡಬೇಕಾದವರು ನಾವೇ. ಎರಡು ಕೇಂದ್ರಗಳ ದರ ಹೋಲಿಸಿ ಕಡಿಮೆಯದನ್ನು ಆರಿಸುವಾಗ ವ್ಯತ್ಯಾಸ ಎಲ್ಲಿಂದ ಬಂತೆಂದು ಕೇಳುವ ರೂಢಿ ನಮಗಿಲ್ಲ. ಬಹಳ ಸಲ ಅದು ಬಂದಿರುವುದು ರಾತ್ರಿಪಾಳಿಯ ಸಂಬಳದಿಂದ.